ಮಾದಕ ವಸ್ತುವಿನ ಹಣ: ಆಸ್ತಿ ತಡೆಹಿಡಿದ ನೋಟಿಸಿಗೆ ಉತ್ತರ ಕೊಡುವುದು ಹೇಗೆ?

ಗಾಂಜಾಕ್ಕೆ ಹೊಲ ಬೇಕು, ನೀರು ಬೇಕು, ಕಟಾವಿನವರೆಗೆ ಕಾಯಬೇಕು. ಅಲ್ಪ್ರಜೋಲಾಮ್, ಮೆಫೆಡ್ರೋನ್‌ನಂತಹ ಸಿಂಥೆಟಿಕ್ ಮಾದಕ ವಸ್ತುಗಳಿಗೆ ಮುಚ್ಚಿದ ಶೆಡ್ಡು, ರಾಸಾಯನಿಕ ಮತ್ತು ಮುಂಗಡ ಹಣ ಹಾಕುವ ಮನುಷ್ಯ ಇದ್ದರೆ ಸಾಕು. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾದ ವಾಣಿಜ್ಯ ಪ್ರಮಾಣ, ಅಂದರೆ ಅತಿ ಕಠಿಣ ಶಿಕ್ಷೆ ಶುರುವಾಗುವ ತೂಕ, 20 ಕೆ.ಜಿ. ಇದ್ದರೆ ಅಲ್ಪ್ರಜೋಲಾಮ್‌ನದು 100 ಗ್ರಾಂ, ಮೆಫೆಡ್ರೋನ್‌ನದು ಬರೀ 50 ಗ್ರಾಂ. ಇಷ್ಟು ಚಿಕ್ಕ ಮಾಲನ್ನು ಹಿಡಿಯುವುದಕ್ಕಿಂತ ಅದರ ಹಿಂದಿನ ಹಣವನ್ನು ಹಿಡಿಯುವುದೇ ಪರಿಣಾಮಕಾರಿ ಎಂಬ ಲೆಕ್ಕಾಚಾರದ ಮೇಲೆ ಕಾನೂನು ನಿಂತಿದೆ. ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಜೋಲಾಮ್ ಬೆರೆಸುವ ಪಿಡುಗು ಹಳೆಯದು. ಗಡಿಯ ಈಚೆಗೆ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ, ಹುಮನಾಬಾದಿನಲ್ಲಿ 50 ಮತ್ತು 65ನೇ ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಹಾಗಾಗಿ ಹಣದ ಜಾಡು ಹಿಡಿದು ಬರುವ ತನಿಖೆ ಇಲ್ಲಿ ಅಪರಾಧಕ್ಕೆ ಸಂಬಂಧವೇ ಇಲ್ಲದ ಅಣ್ಣತಮ್ಮಂದಿರ, ನಿವೇಶನ ಕೊಂಡವರ, ಶೆಡ್ಡು ಬಾಡಿಗೆಗೆ ಕೊಟ್ಟವರ ಬಾಗಿಲಿಗೂ ಬರಬಹುದು. ಹಾಗೆ ಬಂದಾಗ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಮಾಡಬೇಕಾದದ್ದು, ಕೈಗೆ ಬಂದ ಕಾಗದ ಯಾವ ಕಲಮಿನಡಿ ಬಂದಿದೆ ಎಂದು ಓದುವುದು. ಅಕ್ರಮ ಸಾಗಣೆಗೆ ಹಣ ಹೂಡಿದ ಆರೋಪವಿದ್ದರೆ ಅದು 27ಎ ಕಲಂ: 10ರಿಂದ 20 ವರ್ಷ ಕಠಿಣ ಸಜೆ, 1ರಿಂದ 2 ಲಕ್ಷ ರೂಪಾಯಿ ದಂಡ, ಜೊತೆಗೆ 37ನೇ ಕಲಮಿನ ಕಾರಣದಿಂದ ಜಾಮೀನು ಸಿಗುವುದೂ ಬಹಳ ಕಷ್ಟ. ಇಷ್ಟು ಕಠಿಣವಾದ ಈ ಕಲಂ ಏಳು ವರ್ಷಕ್ಕೂ ಹೆಚ್ಚು ಕಾಲ ಬುಡವಿಲ್ಲದೆ ನಿಂತಿತ್ತು ಎಂಬುದು ಸೋಜಿಗ. 2014ರ ತಿದ್ದುಪಡಿಯಲ್ಲಿ ವ್ಯಾಖ್ಯೆಗಳ ಕ್ರಮಾಂಕ ಬದಲಾಯಿತು, ಆದರೆ 27ಎ ಕಲಂ ಮಾತ್ರ ಹಳೆಯ ಕ್ರಮಾಂಕವನ್ನೇ ಬೊಟ್ಟು ಮಾಡುತ್ತಾ ಉಳಿಯಿತು. ತ್ರಿಪುರಾ ಹೈಕೋರ್ಟ್ ಇದನ್ನು ಎತ್ತಿ ತೋರಿಸಿದ ಮೇಲೆ 2021ರಲ್ಲಿ ಸುಗ್ರೀವಾಜ್ಞೆ, ಬಳಿಕ ತಿದ್ದುಪಡಿ ಕಾಯ್ದೆ ಬಂದು, 2014ರ ಮೇ 1ರಿಂದ ಪೂರ್ವಾನ್ವಯವಾಗಿ ದೋಷವನ್ನು ಸರಿಪಡಿಸಲಾಯಿತು. ಹಿಂದಿನ ಕೃತ್ಯಕ್ಕೆ ಇಂದಿನ ಪದ ಜೋಡಿಸುವ ಈ ವಿಧಾನ ಎಷ್ಟು ಸರಿ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಇನ್ನೂ ಉಳಿದಿದೆ. ಯಾರೋ ಒಮ್ಮೆ ಮಾದಕ ವಸ್ತು ಕೊಳ್ಳಲು ಹಣ ಕೊಟ್ಟ ಮಾತ್ರಕ್ಕೆ ಅದು ಹೂಡಿಕೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿರುವುದನ್ನೂ ವಕೀಲರ ಗಮನಕ್ಕೆ ತರಬಹುದು.

ಆದರೆ ಹೆಚ್ಚಿನ ಕುಟುಂಬಗಳಿಗೆ ಬರುವುದು ಆಸ್ತಿಯ ಕಾಗದ, ಅಂದರೆ 1989ರಲ್ಲಿ ಸೇರಿಸಲಾದ 5ಎ ಅಧ್ಯಾಯದಡಿ ಆಸ್ತಿಯನ್ನು ತಡೆಹಿಡಿಯುವ 68ಎಫ್ ಆದೇಶ. ಹತ್ತು ವರ್ಷ ಅಥವಾ ಹೆಚ್ಚಿನ ಸಜೆಯ ಅಪರಾಧಕ್ಕೆ ಬಂಧಿತರಾದವರಿಗೆ ಮಾತ್ರವಲ್ಲ, ಅವರ ಸಂಬಂಧಿಕರಿಗೆ, ಸಹಚರರಿಗೆ, ಅವರಿಂದ ಆಸ್ತಿ ಪಡೆದವರಿಗೂ ಈ ಅಧ್ಯಾಯ ಅನ್ವಯಿಸುತ್ತದೆ. ಚಿಂಚೋಳಿ ತಾಲ್ಲೂಕಿನ ತೊಗರಿ ಬೆಳೆಗಾರರೊಬ್ಬರ ತಮ್ಮ 200 ಗ್ರಾಂ ಅಲ್ಪ್ರಜೋಲಾಮ್ ಸಹಿತ ಬೀದರಿನಲ್ಲಿ ಬಂಧಿತನಾಗಿದ್ದಾನೆ, ಅಣ್ಣನ ಹೆಸರಿನಲ್ಲಿ ಇತ್ತೀಚೆಗೆ ಖರೀದಿಯಾದ ನಾಲ್ಕು ಎಕರೆ ತಮ್ಮನ ಹಣದ್ದೆಂದು ತನಿಖಾಧಿಕಾರಿ ಶಂಕಿಸಿ ತಡೆಹಿಡಿದಿದ್ದಾರೆ ಎಂದು ಇಟ್ಟುಕೊಳ್ಳೋಣ. ಆ ಅಧಿಕಾರಿ ಆದೇಶದ ಪ್ರತಿಯನ್ನು 48 ಗಂಟೆಯೊಳಗೆ, ಮುಟ್ಟುಗೋಲನ್ನು ತೀರ್ಮಾನಿಸುವ ಸಕ್ಷಮ ಪ್ರಾಧಿಕಾರಕ್ಕೆ ಕಳುಹಿಸಬೇಕು. ನಮ್ಮ ರಾಜ್ಯಕ್ಕೆ ಆ ಪ್ರಾಧಿಕಾರ ಚೆನ್ನೈನಲ್ಲಿದೆ. ಆದೇಶ ಹೊರಟ 30 ದಿನಗಳೊಳಗೆ ಪ್ರಾಧಿಕಾರ ಅದನ್ನು ದೃಢೀಕರಿಸದಿದ್ದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಆದೇಶದ ದಿನಾಂಕವನ್ನೂ ಅದು ನಿಮ್ಮ ಕೈಸೇರಿದ ದಿನಾಂಕವನ್ನೂ ಅಂಚೆ ಲಕೋಟೆ ಸಹಿತ ಕಾಯ್ದಿಟ್ಟುಕೊಳ್ಳಿ.

ಈ ಹಂತದಲ್ಲಿ ಗಾಬರಿಯಿಂದ ಹೊಲವನ್ನು ಭಾವನ ಹೆಸರಿಗೆ ದಾನಪತ್ರ ಮಾಡಿಸುವುದು, ಹಿಂದಿನ ತಾರೀಖು ಹಾಕಿ ಬಾಂಡ್ ಕಾಗದ ಬರೆಸುವುದು ನಡೆಯುತ್ತದೆ. ಹಾಗೆ ಮಾಡಕೂಡದು. 68ಎಂ ಕಲಮಿನಂತೆ ಆದೇಶದ ನಂತರದ ವರ್ಗಾವಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲಾಗಿ ಅಪರಾಧದ ಆಸ್ತಿ ಎಂದು ಗೊತ್ತಿದ್ದೂ ಅದನ್ನು ಮರೆಮಾಚಿದರೆ 8ಎ ಮತ್ತು 27ಬಿ ಕಲಂಗಳಡಿ 3ರಿಂದ 10 ವರ್ಷ ಸಜೆಯ ಪ್ರತ್ಯೇಕ ಅಪರಾಧವೇ ಆಗುತ್ತದೆ.

ಮುಂದಿನದು ಕಾಗದ ಕೂಡಿಸುವ ಕೆಲಸ, ಮತ್ತು ಇಡೀ ಪ್ರಕರಣ ನಿಲ್ಲುವುದೋ ಬೀಳುವುದೋ ಇಲ್ಲಿಯೇ ನಿರ್ಧಾರವಾಗುತ್ತದೆ. 68ಜೆ ಕಲಮಿನಂತೆ ಆಸ್ತಿ ಅಕ್ರಮವಲ್ಲ ಎಂದು ತೋರಿಸುವ ಹೊಣೆ ಆಸ್ತಿ ಹೊಂದಿದವರದ್ದು. ಸಂಬಳದಾರರಿಗೆ ಇದು ಸುಲಭ. ಆದಾಯ ತೆರಿಗೆಯ ವಿವರ ಸಲ್ಲಿಸದ ರೈತರಿಗೆ ಕಷ್ಟ. ನಮ್ಮ ಚಿಂಚೋಳಿಯ ರೈತರು ಖರೀದಿಪತ್ರ, ಪಹಣಿ, ಋಣಭಾರ ಪ್ರಮಾಣಪತ್ರಗಳ ಜೊತೆಗೆ ಹಣ ಎಲ್ಲಿಂದ ಬಂತು ಎಂಬುದನ್ನು ವರ್ಷವಾರು ತೋರಿಸಬೇಕು. ಅದಕ್ಕೆ ಅತ್ಯುತ್ತಮ ಸಾಕ್ಷಿ ಅಡತಿ ಅಂಗಡಿಯ ಪಟ್ಟಿ: ಎಷ್ಟು ಚೀಲ, ಎಷ್ಟು ತೂಕ, ಕ್ವಿಂಟಲಿಗೆ ಎಷ್ಟು ದರ, ಹಮಾಲಿ ಎಷ್ಟು ಮುರಿದರು, ಕೊನೆಗೆ ಕೈಗೆ ಎಷ್ಟು ಕೊಟ್ಟರು ಎಂಬುದೆಲ್ಲ ಒಂದೇ ಹಾಳೆಯಲ್ಲಿರುತ್ತದೆ. ಮನೆಯಲ್ಲಿ ಪಟ್ಟಿ ಕಳೆದಿದ್ದರೆ ಅಂಗಡಿಯ ಖಾತೆ ಪುಸ್ತಕದ ಪ್ರತಿಯನ್ನು ಸಹಿ, ಮುದ್ರೆ ಸಹಿತ ಕೇಳಿ ಪಡೆಯಬಹುದು. ಬೆಂಬಲ ಬೆಲೆಗೆ ಮಾರಿದ ತೊಗರಿಯ ಹಣ ನೇರವಾಗಿ ಖಾತೆಗೆ ಬಂದಿರುವುದರಿಂದ ಪಾಸ್‌ಬುಕ್ಕೇ ಸಾಕ್ಷಿ. ಸೊಸೈಟಿಯ ಸಾಲ, ಬಂಗಾರ ಅಡವಿಟ್ಟ ರಸೀದಿ, ಬೆಳೆ ವಿಮೆಯ ಜಮೆ ಇವೆಲ್ಲವೂ ಸೇರಲಿ. ಊರಿನ ಹಿರಿಯರಿಂದ ಬರೆಸುವ ‘ಇವರು ಸಭ್ಯರು’ ಎಂಬ ಪತ್ರದಿಂದ ಪ್ರಯೋಜನ ಕಡಿಮೆ, ಕೇಳಿರುವುದು ಗುಣದ ಪ್ರಶ್ನೆಯಲ್ಲ.

ಬಳಿಕ ಬರುವುದು ಆಸ್ತಿ ಕೊಂಡ ಹಣದ ಮೂಲ ಕೇಳುವ 68ಎಚ್ ನೋಟಿಸ್. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಆಸ್ತಿ ಅಕ್ರಮ ಎಂದು ನಂಬಲು ಕಾರಣಗಳೇನು ಎಂಬುದನ್ನು ಪ್ರಾಧಿಕಾರ ಲಿಖಿತವಾಗಿ ದಾಖಲಿಸಿರಬೇಕು. ಅಕ್ರಮ ಹಣಕ್ಕೂ ಆ ಆಸ್ತಿಗೂ ಇರುವ ಕೊಂಡಿಯನ್ನು ತೋರಿಸದೆ ಸಂಬಂಧಿಕರ ಆಸ್ತಿ ಮುಟ್ಟುಗೋಲು ಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಅಸ್ಲಂ ಮೊಹಮ್ಮದ್ ಮರ್ಚೆಂಟ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಉತ್ತರದ ಮೊದಲ ಭಾಗದಲ್ಲಿ ಆ ಕಾರಣಗಳ ಪ್ರತಿಯನ್ನು ಕೇಳಿ, ಎರಡನೆಯ ಭಾಗದಲ್ಲಿ ಪ್ರತಿ ಆಸ್ತಿಗೂ ಪ್ರತ್ಯೇಕವಾಗಿ ಹಣದ ಮೂಲವನ್ನು ಬರೆದು, ದಾಖಲೆಗಳಿಗೆ ಕ್ರಮಸಂಖ್ಯೆ ಹಾಕಿ, ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬೇಕು. ವಕೀಲರ ಶುಲ್ಕ ಭರಿಸಲಾಗದ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ 15100 ಸಂಖ್ಯೆಯಲ್ಲಿ ನೆರವು ಕೇಳಬಹುದು.

ಆರೋಪಿಯಿಂದ ನಿವೇಶನ ಕೊಂಡವರ ವಾದ ಬೇರೆ. ಅವರು ಸದ್ಭಾವದಿಂದ, ತಕ್ಕ ಬೆಲೆ ಕೊಟ್ಟು ಕೊಂಡದ್ದು ಸಾಬೀತಾದರೆ ಕಾಯ್ದೆಯ ವ್ಯಾಪ್ತಿಯಿಂದ ಹೊರಗುಳಿಯುತ್ತಾರೆ. ಖರೀದಿಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ನಮ್ಮ ಕಡೆಯ ರೂಢಿ ಇಲ್ಲಿ ಕೊಂಡವರಿಗೇ ಮುಳುವಾಗುತ್ತದೆ. ಶೆಡ್ಡಿನ ಮಾಲೀಕರಿಗೆ 25ನೇ ಕಲಂ ಇದೆ: ಗೊತ್ತಿದ್ದೂ ಅಪರಾಧಕ್ಕೆ ಜಾಗ ಬಿಟ್ಟುಕೊಟ್ಟರೆ ಆ ಅಪರಾಧದ ಶಿಕ್ಷೆಯೇ ಅವರಿಗೂ. ಲಿಖಿತ ಕರಾರು, ಬಾಡಿಗೆದಾರರ ಗುರುತಿನ ಚೀಟಿ, ಖಾತೆಯ ಮೂಲಕ ಬಂದ ಬಾಡಿಗೆ, ಆಗಾಗ ಒಳಗೆ ಹೋಗಿ ನೋಡಿದ್ದಕ್ಕೆ ಪುರಾವೆ ಇದ್ದರೆ ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ತೂಕ ಬರುತ್ತದೆ.

ಪ್ರಕರಣ ಜಾರಿ ನಿರ್ದೇಶನಾಲಯಕ್ಕೆ ಹೋದರೆ ಹಾದಿ ಬದಲಾಗುತ್ತದೆ. 2005ರಲ್ಲಿ ಜಾರಿಗೆ ಬಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತಾತ್ಕಾಲಿಕ ಜಪ್ತಿ ಗರಿಷ್ಠ 180 ದಿನ. ಅಷ್ಟರೊಳಗೆ ನ್ಯಾಯನಿರ್ಣಯ ಪ್ರಾಧಿಕಾರ ದೃಢೀಕರಿಸಬೇಕು. ಈ ತಾತ್ಕಾಲಿಕ ಅವಧಿಯಲ್ಲಿ ಮನೆಯಲ್ಲಿ ವಾಸಿಸಲು, ಹೊಲ ಉಳಲು ಅಡ್ಡಿಯಿಲ್ಲ, ಮಾರಲು ಮಾತ್ರ ಬರುವುದಿಲ್ಲ.

ಬ್ಯಾಂಕ್ ಖಾತೆ ಸ್ಥಗಿತವಾದರೆ ಯಾವ ಅಧಿಕಾರಿಯ, ಯಾವ ದಿನಾಂಕದ, ಯಾವ ಕಲಮಿನ ಆದೇಶ ಎಂದು ಶಾಖೆಗೆ ಲಿಖಿತವಾಗಿ ಕೇಳಿ. ಬ್ಯಾಂಕಿನವರ ಬಿಗಿಯೂ ಕಾರಣವಿಲ್ಲದ್ದಲ್ಲ: ಶಂಕಾಸ್ಪದ ವಹಿವಾಟನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸುವುದು ಅವರ ಕರ್ತವ್ಯ. ಈ ಬಿಗಿ ನಮ್ಮಲ್ಲಷ್ಟೇ ಅಲ್ಲ: ಅಮೆರಿಕ 2024ರ ಏಪ್ರಿಲ್‌ನಲ್ಲಿ ಫೆಂಟನಿಲ್ ಎಂಬ ಸಿಂಥೆಟಿಕ್ ಮಾದಕ ವಸ್ತುವಿನ ಹಣದ ವಿರುದ್ಧ ಹೊಸ ಕಾಯ್ದೆ ತಂದು, 2025ರ ಜೂನ್‌ನಲ್ಲಿ ಮೆಕ್ಸಿಕೋದ ಮೂರು ಹಣಕಾಸು ಸಂಸ್ಥೆಗಳ ಜೊತೆಗಿನ ಹಣ ವರ್ಗಾವಣೆಯನ್ನೇ ನಿಷೇಧಿಸುವ ಆದೇಶ ಹೊರಡಿಸಿತು. ಕಮಿಷನ್ ಆಸೆಗೆ ಎಟಿಎಂ ಕಾರ್ಡನ್ನು ಬೇರೆಯವರಿಗೆ ಕೊಡುವ ಕಾಲೇಜು ಹುಡುಗರಿಗೆ ಮನೆಯವರು ಇಷ್ಟನ್ನಾದರೂ ತಿಳಿಹೇಳಬೇಕು.

ಚೆನ್ನೈ ಪ್ರಾಧಿಕಾರದ ಮುಟ್ಟುಗೋಲು ಆದೇಶ ವಿರುದ್ಧವಾಗಿ ಬಂದರೆ, ಅದು ಕೈಸೇರಿದ 45 ದಿನಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ತಡಕ್ಕೆ ಸಕಾರಣವಿದ್ದರೆ 60 ದಿನಗಳವರೆಗೆ ಅವಕಾಶ, ಅದರಾಚೆಗಿಲ್ಲ. ಆಸ್ತಿಯ ಒಂದು ಭಾಗದ ಮೂಲ ಮಾತ್ರ ಸಾಬೀತಾಗದಿದ್ದರೆ ಆ ಭಾಗದ ಮಾರುಕಟ್ಟೆ ಬೆಲೆಯನ್ನು ದಂಡವಾಗಿ ಕಟ್ಟಿ ಹೊಲ ಉಳಿಸಿಕೊಳ್ಳುವ ಆಯ್ಕೆಯನ್ನು 68ಕೆ ಕಲಂ ಕೊಡುತ್ತದೆ. ಬಂಧಿತನಾಗಿದ್ದ ತಮ್ಮ ಖುಲಾಸೆಯಾಗಿ ಅದರ ವಿರುದ್ಧ ಮೇಲ್ಮನವಿ ಇಲ್ಲದಿದ್ದರೆ, ತೀರ್ಪಿನ ದೃಢೀಕೃತ ಪ್ರತಿಯೊಡನೆ 68ಝಡ್ ಕಲಮಿನಡಿ ಬಿಡುಗಡೆಗೆ ಅರ್ಜಿ ಹಾಕಬೇಕು. ಬಿಡುಗಡೆಯ ಆದೇಶ ಸಿಕ್ಕ ಕೂಡಲೇ ಅದನ್ನು ತಹಶೀಲ್ದಾರರಿಗೂ ಉಪನೋಂದಣಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪಹಣಿಯ 11ನೇ ಕಾಲಮಿನಲ್ಲಿ ನಮೂದಾದ ತಡೆ ತಾನಾಗಿ ಅಳಿಯುವುದಿಲ್ಲ.