ಸುಳ್ಳಿನ ಲೆಕ್ಕಕ್ಕೆ ಮೂರು ಕಾಲಮ್ಮು

ಪತಂಜಲಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಯಮ, ನಿಯಮ ಎಂಬ ಮೊದಲ ಎರಡು ಮೆಟ್ಟಿಲುಗಳನ್ನು ಹಾರಿ, ಮೂರನೆಯದರ ಮೇಲೆ ನಾನು ಆರು ವರ್ಷ ಶೀರ್ಷಾಸನ ಹಾಕಿದ್ದೆ. ಕೆಳಗಿಳಿದು ನೋಡಿದಾಗ ಆ ಎರಡು ಮೆಟ್ಟಿಲುಗಳ ಹತ್ತು ವ್ರತಗಳನ್ನು ಒಟ್ಟಿಗೆ ಹಿಡಿಯುವ ಧೈರ್ಯ ಬರಲಿಲ್ಲ. ಸತ್ಯವೊಂದನ್ನೇ ಆರಿಸಿಕೊಂಡೆ, ಸುಳ್ಳನ್ನಾದರೆ ಎಣಿಸಬಹುದಲ್ಲ!

ಎಣಿಸುವ ಕ್ರಮ ಪತಂಜಲಿಯ ಯೋಗಸೂತ್ರದ ಎರಡನೆಯ ಭಾಗವಾದ ಸಾಧನಪಾದದ 34ನೆಯ ಸೂತ್ರದಲ್ಲೇ ಸಿಕ್ಕಿತು. ತಪ್ಪು ಮೂರು ಬಗೆ: ಕೃತ, ಕಾರಿತ, ಅನುಮೋದಿತ. ಅಂದರೆ ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರಿಗೆ ತಲೆದೂಗಿದ್ದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮು ಎಳೆದು, ರಾತ್ರಿ ಊಟವಾದ ಮೇಲೆ ಬರೆಯತೊಡಗಿದೆ.

ಮೊದಲ ದಿನ ಹನ್ನೊಂದು, ಎಲ್ಲವೂ ಮೊದಲ ಕಾಲಮ್ಮಿನಲ್ಲಿ. ಟವೆಲ್ ಸುತ್ತಿಕೊಂಡು ನಿಂತು ಫೋನಿನಲ್ಲಿ "ದಾರಿಯಲ್ಲಿದ್ದೇನೆ" ಎಂದದ್ದೇ ಎರಡು ಸಲ. ಎರಡನೆಯ ಕಾಲಮ್ಮನ್ನು ತೆರೆಸಿದವಳು ಮಗಳು. ಸಾಲ ಕೇಳುವ ನೆಂಟರ ಕರೆ ಬಂದಾಗ "ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅನ್ನು" ಎಂದೆ. ಹೇಳಿ ಫೋನಿಟ್ಟವಳು ಕೇಳಿದಳು: "ಇದನ್ನು ನೀವು ಬರೆದುಕೊಳ್ಳುತ್ತೀರೋ, ನಾನೊಂದು ಪುಸ್ತಕ ತರಲೋ?"

ಅದೇ ಸೂತ್ರ ತಪ್ಪಿನ ಬೇರುಗಳನ್ನೂ ಹೇಳುತ್ತದೆ: ಲೋಭ, ಕ್ರೋಧ, ಮೋಹ. ನನ್ನ ಸುಳ್ಳುಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಭಯದಿಂದ. ಅದು ಪಟ್ಟಿಯಲ್ಲಿಲ್ಲ, ಮೋಹದ ಕೂಸೇ ಇರಬೇಕೆಂದು ಅಲ್ಲಿಗೇ ಸೇರಿಸಿದೆ. 33ನೆಯ ಸೂತ್ರದ ಪ್ರತಿಪಕ್ಷಭಾವನೆಯನ್ನು, ಅಂದರೆ ಎದುರು ಯೋಚನೆಯನ್ನು ತಂದುಕೊಳ್ಳುವುದನ್ನು, ನಾನು ಹೀಗೆ ರೂಢಿಸಿಕೊಂಡೆ: ಫೋನ್ ಎತ್ತುವ ಮುನ್ನ ಒಂದು ದೀರ್ಘ ಉಸಿರು, ಆಮೇಲೆ "ಇನ್ನೂ ಹೊರಟಿಲ್ಲ, ಅರ್ಧ ಗಂಟೆ ತಡ". ಬೈದವರು ಕಡಿಮೆ.

ಮೂರನೆಯ ತಿಂಗಳಿಗೆ ಸತ್ಯದ ಅಮಲೇರಿತು. ಸಹೋದ್ಯೋಗಿಯ ಗೃಹಪ್ರವೇಶದಲ್ಲಿ "ಮನೆ ಹೇಗಿದೆ?" ಎಂದು ಅವರ ತಾಯಿ ಕೇಳಿದರೆ, ಅಡುಗೆಮನೆಗೆ ಬೆಳಕೇ ಇಲ್ಲ ಎಂದುಬಿಟ್ಟೆ. ಆ ಮುಖ ಬಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮಾತು ಸಕಲ ಜೀವಿಗಳ ಉಪಕಾರಕ್ಕೆ ಹೊರಡಬೇಕು, ನೋಯಿಸಿದರೆ ಅದು ಪಾಪವೇ ಎಂದು ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಹೇಳುತ್ತದೆ. ಓದಿಯೂ ಇದ್ದೆ. ಅಂದಿನ ಮಾತನ್ನು ಬರೆಯಲು ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಮೂರನೆಯ ಕಾಲಮ್ಮು ಬಹುಕಾಲ ಖಾಲಿಯಿತ್ತು. ಮೊನ್ನೆ ಕಚೇರಿಯಲ್ಲಿ ಒಬ್ಬರು ಪ್ರಯಾಣಭತ್ಯೆಗೆ ಸುಳ್ಳು ಬಿಲ್ಲು ಕೊಟ್ಟದ್ದನ್ನು ರಸವತ್ತಾಗಿ ಹೇಳಿದರು. ಎಲ್ಲರ ಜೊತೆ ನಾನೂ ನಕ್ಕೆ. ರಾತ್ರಿ ಬರೆದುಕೊಂಡೆ. ಅದೇ 34ನೆಯ ಸೂತ್ರ ಹೇಳುವ ಮೃದು, ಮಧ್ಯ, ಅಧಿಮಾತ್ರ (ಅತಿ ಹೆಚ್ಚು) ಎಂಬ ತೀವ್ರತೆಯ ಗುರುತೂ ಹಾಕಬೇಕಲ್ಲ, ‘ಮೃದು’ ಎಂದು ಹಾಕಿದೆ. ದೀಪ ಆರಿಸಿ ಮಲಗಿದವನು ಮತ್ತೆ ಎದ್ದು, ಅದನ್ನು ಹೊಡೆದು ‘ಮಧ್ಯ’ ಎಂದು ತಿದ್ದಿದೆ.