ಬ್ಯಾಕಪ್ ಇದೆ, ವಾಪಸ್ ಬರುತ್ತದೆಯೇ? ಕೋಲಾರದ ಮಂಡಿಗಳಲ್ಲಿ ನನ್ನ ಅನುಭವ

ಕಳೆದ ಸೀಸನ್ನಿನಲ್ಲಿ ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ಸರ್ವರ್ ಡಿಸ್ಕ್ ಹರಾಜಿನ ನಡುವೆಯೇ ಕೈಕೊಟ್ಟಿತು. ಸುಮಾರು ಎರಡೂವರೆ ಗಂಟೆಯಲ್ಲಿ, ಬ್ಯಾಕಪ್ (ದತ್ತಾಂಶದ ಕಾದಿಟ್ಟ ಪ್ರತಿ) ಇಳಿಸಿದ ಬದಲಿ ಯಂತ್ರದಿಂದ ರೈತರ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಅಚ್ಚಾಗತೊಡಗಿತು. “ಬ್ಯಾಕಪ್ ದಿನಾ ಆಗುತ್ತಿದೆಯಲ್ಲಪ್ಪಾ, ಅದನ್ನು ಬಿಚ್ಚಿ ನೋಡುವುದಕ್ಕೂ ದುಡ್ಡು ಕೇಳುತ್ತೀಯಾ?” ಎಂದು ಕೊಂಕು ನುಡಿಯುತ್ತಿದ್ದ ಪಕ್ಕದ ಮಂಡಿಯವರು ಮರುದಿನವೇ ಫೋನ್ ಮಾಡಿದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವುದು ಏಳೆಂಟು ಮಂಡಿ ಮತ್ತು ಒಂದೆರಡು ಪತ್ತಿನ ಸಹಕಾರ ಸಂಘಗಳ ಕಂಪ್ಯೂಟರ್. ಎಲ್ಲ ಕಡೆಯೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ರಾತ್ರಿ ಡಂಪ್ (ಇಡೀ ಡೇಟಾಬೇಸನ್ನು ಒಂದು ಕಡತವಾಗಿ ತೆಗೆಯುವುದು), ಹೊರಗಿನ ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ, ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ ಕ್ಲೌಡ್‌ಗೆ ಇನ್ನೊಂದು. ಈ ಕೆಲಸದಲ್ಲಿದ್ದರೆ ಇಷ್ಟು ನೀವೂ ಮಾಡುತ್ತಿರುತ್ತೀರಿ.

ಸಂಘವೊಂದರಲ್ಲಿ ಹಿಂದಿನವರು ಬಿಟ್ಟುಹೋದ ಬ್ಯಾಕಪ್ ಸ್ಕ್ರಿಪ್ಟ್ (ತಾನಾಗಿ ಓಡುವ ಆದೇಶಗಳ ಕಡತ) ಇತ್ತು. ಲಾಗ್ ತುಂಬ ‘ಯಶಸ್ವಿ’. ಬಿಚ್ಚಿದರೆ ಸದಸ್ಯರ ವಿವರವೆಲ್ಲ ಬಂತು, ಠೇವಣಿಯ ವಿವರ ಅರ್ಧಕ್ಕೇ ನಿಂತಿತ್ತು. ಡಂಪ್ ನಡುವೆ ಸತ್ತರೂ ಪೈಪಿನ (ಒಂದು ಆದೇಶದ ಫಲವನ್ನು ಇನ್ನೊಂದಕ್ಕೆ ಹರಿಸುವ ಕೊಂಡಿ) ಆಚೆ ತುದಿಯಲ್ಲಿ ಕಡತವನ್ನು ಕುಗ್ಗಿಸುವ ಜಿಜಿಪ್ ತನ್ನ ಕೆಲಸ ಮುಗಿಸಿ ಸೊನ್ನೆ, ಅಂದರೆ ‘ಯಶಸ್ವಿ’, ಎಂದು ಹಿಂತಿರುಗಿಸುತ್ತದೆ. ಸ್ಕ್ರಿಪ್ಟ್ ನಂಬುವುದು ಆ ಸೊನ್ನೆಯನ್ನೇ. ಜಿಜಿಪ್ ಕಡತವನ್ನು ಪರೀಕ್ಷಿಸಿದರೂ ಸರಿ ಎಂದೇ ಹೇಳುತ್ತದೆ. ಈಗ ನಡುವೆ ಯಾವುದು ಸತ್ತರೂ ವಿಫಲ ಎನ್ನುವ ‘ಪೈಪ್‌ಫೇಲ್’ ಹಾಕಿ, ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಸಾಲು ಇದೆಯೇ ಎಂದು ನೋಡಿಸುತ್ತೇನೆ.

ಅದು ಸರಿಹೋದ ಮೇಲೆ ಸಾಲುಗಳ ಎಣಿಕೆ ತಾಳೆಯಾಯಿತು, ಬಡ್ಡಿ ಮಾತ್ರ ಏರಲಿಲ್ಲ. ಬಡ್ಡಿಯ ಲೆಕ್ಕವೆಲ್ಲ ಸ್ಟೋರ್ಡ್ ಪ್ರೊಸೀಜರ್‌ನಲ್ಲಿ, ಅಂದರೆ ಡೇಟಾಬೇಸಿನೊಳಗೇ ಬರೆದಿಟ್ಟ ಪ್ರೋಗ್ರಾಮಿನಲ್ಲಿ, ಇತ್ತು. ದತ್ತಾಂಶ ಬದಲಾದಾಗ ತಾವಾಗಿ ಓಡುವ ಟ್ರಿಗರ್‌ಗಳು ಡಂಪ್‌ನಲ್ಲಿ ತಾವಾಗಿಯೇ ಬರುತ್ತವೆ, ಪ್ರೊಸೀಜರ್‌ಗಳು ಬರುವುದಿಲ್ಲ. ‘ರುಟೀನ್ಸ್’ (ಪ್ರೊಸೀಜರ್‌ಗಳು), ‘ಈವೆಂಟ್ಸ್’ (ಹೊತ್ತಿಗೆ ಸರಿಯಾಗಿ ಓಡುವ ಕೆಲಸಗಳು) ಎರಡನ್ನೂ ಕೇಳಿ ತೆಗೆದುಕೊಳ್ಳಬೇಕು.

ಆಮೇಲೆ ಮಂಡಿಯೊಂದರಲ್ಲಿ ಎಲ್ಲ ಬಂದರೂ ರೈತರ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು. ಮಾಲೀಕರು ತಲೆಯ ಮೇಲೆ ಕೈಹೊತ್ತು ಕುಳಿತರು. ದತ್ತಾಂಶಕ್ಕೆ ಏನೂ ಆಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸುವ ಹಳೆಯ ‘ನುಡಿ’ ಫಾಂಟ್‌ನಲ್ಲಿ ಬೆರಳಚ್ಚಾದದ್ದು, ಹೊಸ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ. ಅದನ್ನು ಹಾಕಿದ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಟ ಹಿಡಿಯಿತು. ಮೂರು ಪದರದ ಚೀಟಿಯ ಅಳತೆ ಹಳೆಯ ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿ ಮಾತ್ರ ಇತ್ತು. ಪ್ರತಿ ಚೀಟಿಯೂ ಎರಡು ಸಾಲು ಕೆಳಗೆ ಜಾರಿ, ಕ್ರೇಟ್ ಸಂಖ್ಯೆ ಕಮಿಷನ್ನಿನ ಜಾಗದಲ್ಲಿ ಅಚ್ಚಾಗುತ್ತಿತ್ತು.

ಹಾಗಾಗಿ ಈಗ ‘ಆಯಿತು’ ಎಂದು ಹೇಳುವವನು ನಾನಲ್ಲ, ಗುಮಾಸ್ತರು. ತಿಂಗಳಿಗೊಂದು ಸಲ, ಹರಾಜು ಮುಗಿದ ಮಧ್ಯಾಹ್ನ, ಹಳೆಯ ಐ3 ಕಂಪ್ಯೂಟರ್ ಒಂದನ್ನು ಖಾಲಿ ಮಾಡಿ ಬ್ಯಾಕಪ್ಪಿನಿಂದಲೇ ಎಬ್ಬಿಸುತ್ತೇನೆ. ಅವರು ನಿನ್ನೆಯ ಹತ್ತಿಪ್ಪತ್ತು ಪಟ್ಟಿಗಳನ್ನು ಅದರಿಂದ ತೆಗೆದು, ಕಾರ್ಬನ್ ಪ್ರತಿಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ಯಾವ ಪಟ್ಟಿ ಎಂಬುದನ್ನು ಅವರೇ ಆರಿಸಬೇಕು. ಇದಲ್ಲದೆ ನಾನೇ ದಿನವೂ ದತ್ತಾಂಶದೊಳಗೆ ಪರೀಕ್ಷೆಗೆಂದು ಒಂದು ಗುರುತು ಇಡುತ್ತೇನೆ. ಅದು ಎಲ್ಲಿ, ಹೇಗೆ ಎಂಬುದು ನನ್ನ ಹೊಟ್ಟೆಪಾಡು, ಬಿಟ್ಟುಕೊಡುವುದಿಲ್ಲ.

ಹೀಗೆ ಎಬ್ಬಿಸುವಾಗ ನೆಟ್‌ವರ್ಕ್ ಕೇಬಲ್ ಮಾತ್ರ ಮೊದಲೇ ಕಿತ್ತುಬಿಡಿ. ಚಿಂತಾಮಣಿಯ ಸ್ನೇಹಿತನೊಬ್ಬ ಕೀಳದೆ ಎಬ್ಬಿಸಿದ. ಎದ್ದ ಪ್ರತಿಯೊಳಗಿನ ಎಸ್‌ಎಂಎಸ್ ಕೆಲಸವೂ ಎದ್ದು, ‘ನಿಮ್ಮ ಖಾತೆಗೆ ಜಮಾ ಆಗಿದೆ’ ಎಂದು ಹಳೆಯ ಸಂದೇಶಗಳನ್ನೆಲ್ಲ ರೈತರಿಗೆ ಮತ್ತೊಮ್ಮೆ ಕಳುಹಿಸಿತು. ಎರಡು ದಿನ ಅವನು ಫೋನ್ ಎತ್ತಲಿಲ್ಲ.

ಖರ್ಚಿನ ಮಾತು. ಆ ಹಳೆಯ ಯಂತ್ರಕ್ಕೆ ನಾನು ಕೊಟ್ಟದ್ದು ಎಂಟು ಸಾವಿರದ ಆಸುಪಾಸು, ಎಸ್‌ಎಸ್‌ಡಿಗೆ (ವೇಗದ ಡಿಸ್ಕ್) ಮೂರು ಸಾವಿರ. ಎಸ್‌ಎಸ್‌ಡಿ ಬೇಡವೆಂದು ಉಳಿತಾಯಕ್ಕೆ ಹೋಗಬೇಡಿ. ಇಪ್ಪತ್ತು ಜಿಬಿ ಚಿಲ್ಲರೆ ದತ್ತಾಂಶ ಹಳೆಯ ಹಾರ್ಡ್ ಡಿಸ್ಕ್‌ಗೆ ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಎಸ್‌ಎಸ್‌ಡಿ ಹಾಕಿ, ಇಳಿಸುವಷ್ಟು ಹೊತ್ತು ಪ್ರತಿ ಕಮಿಟ್‌ಗೂ (ಬರೆದದ್ದು ಖಾಯಂ ಆಗುವ ಹಂತ) ಲಾಗನ್ನು ಡಿಸ್ಕ್‌ಗೆ ತಳ್ಳುವುದನ್ನು ಸಡಿಲಿಸಿದ ಮೇಲೆ ಒಂದು-ಒಂದೂವರೆ ಗಂಟೆಯಲ್ಲಿ ಮುಗಿಯಿತು. ಮುಗಿದ ಕೂಡಲೇ ಮೊದಲಿನಂತೆ ಬಿಗಿ ಮಾಡಿ. ಸತ್ತ ಡಿಸ್ಕ್‌ನಿಂದ ದತ್ತಾಂಶ ತೆಗೆದುಕೊಡಲು ಬೆಂಗಳೂರಿನಲ್ಲಿ ಕೇಳಿದ್ದು ಮೂವತ್ತೈದೋ ನಲವತ್ತೋ ಸಾವಿರ, ಅದೂ ಖಾತ್ರಿಯಿಲ್ಲದೆ. ಈ ಎರಡು ಮೊತ್ತವನ್ನು ಒಂದೇ ಕಾಗದದಲ್ಲಿ ಬರೆದು ತೋರಿಸುತ್ತೇನೆ, ಮಾತು ಬೇಕಾಗುವುದಿಲ್ಲ.

ಸಂಘದ ಅಧ್ಯಕ್ಷರಿಗೆ ಮಾತ್ರ ಅದೂ ನಾಟಲಿಲ್ಲ. ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಕಥೆ ಹೇಳಿದೆ. 2017ರ ಜನವರಿ 31ರಂದು ಅವರ ಮುಖ್ಯ ಡೇಟಾಬೇಸ್ ಅಳಿಸಿಹೋದಾಗ, ನಿತ್ಯದ ಡಂಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿಗೆ ಹೊಂದದೆ ವಿಫಲವಾಗುತ್ತಲೇ ಇತ್ತೆಂದು ಗೊತ್ತಾಯಿತು. ಎಚ್ಚರಿಸುವ ಮಿಂಚಂಚೆಗಳನ್ನೂ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. “ಅದು ದೊಡ್ಡವರ ಕಥೆ, ನಮ್ಮದು ಸಣ್ಣ ಸಂಘ” ಎಂದರು ಅಧ್ಯಕ್ಷರು. ಆದರೂ ಅಲ್ಲಿಂದ ಕಲಿತದ್ದನ್ನು ನಾನು ಬಿಟ್ಟಿಲ್ಲ. ವಿಫಲವಾದರೆ ಸಂದೇಶ ಬರಲಿ ಎಂದು ಕಾಯುವುದಿಲ್ಲ, ಬೆಳಿಗ್ಗೆ ಆರರೊಳಗೆ ‘ಆಯಿತು’ ಎಂಬ ಸಂದೇಶ ಬಾರದಿದ್ದರೆ ಬೈಕ್ ಹತ್ತುತ್ತೇನೆ.

ಕೈ ಸುಮ್ಮನಿರದೆ ಕೆಲವು ಕುಚೇಷ್ಟೆಗಳನ್ನೂ ಮಾಡಿದ್ದೇನೆ. ರೆಸ್ಟಿಕ್ ಭಂಡಾರದ ಪ್ರತಿಯೊಂದರಲ್ಲಿ ಒಂದು ದತ್ತಾಂಶ ಕಡತದ ಒಂದೇ ಒಂದು ಬೈಟ್ ಕೆಡಿಸಿ ಸಾಮಾನ್ಯ ‘ಚೆಕ್’ ಓಡಿಸಿದೆ. ಅದಕ್ಕೆ ಸುಳಿವೇ ಸಿಗಲಿಲ್ಲ. ಕಡತದ ಒಳಗನ್ನೂ ಓದಿಸುವ ‘ರೀಡ್ ಡೇಟಾ’ ಸೇರಿಸಿದಾಗ ಮಾತ್ರ ಹಿಡಿಯಿತು. ಎಲ್ಲವನ್ನೂ ಓದಿಸಿದರೆ ಇಂಟರ್ನೆಟ್ ಬಿಲ್ ಏರುತ್ತದೆ, ಆದ್ದರಿಂದ ವಾರಕ್ಕೆ ಹತ್ತನೇ ಒಂದು ಪಾಲು ಓದಿಸುತ್ತೇನೆ. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೂ ಒಂದು ಮಂಡಿಯನ್ನು ಎಬ್ಬಿಸಿದೆ. ಎದ್ದಿತು, ಆದರೆ ಒಂದು ಪಟ್ಟಿ ತೆರೆಯುವಷ್ಟರಲ್ಲಿ ಗುಮಾಸ್ತರು ಟೀ ಕುಡಿದು ಬಂದರು.

ಡಿಸ್ಕ್ ಸತ್ತ ದಿನ ಬ್ಯಾಕಪ್ ಹಿಂದಿನ ರಾತ್ರಿಯದು. ಆ ಬೆಳಗಿನ ಮುನ್ನೂರರಷ್ಟು ಚೀಟಿಗಳನ್ನು ಕಾರ್ಬನ್ ಪ್ರತಿ ನೋಡಿ ಮತ್ತೆ ಬೆರಳಚ್ಚು ಮಾಡಬೇಕಾಯಿತು. ಈಗ ಕಾಲು ಗಂಟೆಗೊಮ್ಮೆ ಬಿನ್‌ಲಾಗನ್ನು (ಡೇಟಾಬೇಸಿನ ಪ್ರತಿ ಬದಲಾವಣೆಯ ದಾಖಲೆ) ಬೇರೆ ಡಿಸ್ಕ್‌ಗೆ ಒಯ್ಯುತ್ತಿದ್ದೇನೆ. ಡಂಪ್ ಮೇಲೆ ಅದನ್ನು ಓಡಿಸಿ ಮಧ್ಯಾಹ್ನದ ಲೆಕ್ಕದವರೆಗೂ ತಂದು ನೋಡಿದ್ದೇನೆ, ಪಟ್ಟಿ ತಾಳೆಯಾಗುತ್ತಿದೆ. ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚಿಗೆ ಕೇಳಿದ್ದೇನೆ. ಮಾಲೀಕರು ನೂರಕ್ಕೆ ನಿಂತಿದ್ದಾರೆ.