ಹಳೆಯ ಟ್ರ್ಯಾಕ್ಟರ್‌: ದೂಳಿನಿಂದ ಎಂಜಿನ್ ಕಾಯುವುದು ಹೇಗೆ?

ಕಲಬುರಗಿ ಜಿಲ್ಲೆಯ ಎರೆ ಭೂಮಿಯಲ್ಲಿ ಡಿಸೆಂಬರ್–ಜನವರಿಯ ಹೊತ್ತಿಗೆ ತೊಗರಿ ರಾಶಿ (ಒಕ್ಕಣೆ) ಆರಂಭವಾಯಿತೆಂದರೆ, ರಾಶಿ ಮಷಿನ್‌ಗೆ ಜೋಡಿಸಿದ ಟ್ರ್ಯಾಕ್ಟರ್ ನಿಂತಲ್ಲೇ ನಿಂತು ಗಂಟೆಗಟ್ಟಲೆ ಹೊಟ್ಟು ಬೆರೆತ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಬೆಲೆಗೆ ಕೊಂಡ ಹಳೆಯ ಗಾಡಿಗೆ ಈ ದೂಳಿನಷ್ಟು ದೊಡ್ಡ ಶತ್ರು ಬೇರೊಂದಿಲ್ಲ.

ಕೊಳ್ಳುವಾಗಲೇ ಎಚ್ಚರ ಬೇಕು. ಎಂಜಿನ್ ತಣ್ಣಗಿರುವಾಗ ಹೋಗಿ ನೋಡಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುತ್ತೇವೆಂದು ಹೇಳಿ ಹಿಂದಿರುಗುವುದು ಲೇಸು. ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಭಸಭಸನೆ ಒತ್ತಿ ಬರುವಂತಿದ್ದಲ್ಲಿ ಪಿಸ್ಟನ್ ರಿಂಗ್, ಲೈನರ್ ಸವೆದಿರುವ ಸಂಭವ ಹೆಚ್ಚು. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ಆ ನಮೂದು ತೆಗೆಸಲು ಬೇಕಾದ ನಮೂನೆ 35, ಮಾಲೀಕತ್ವದ ವರ್ಗಾವಣೆಗಾಗಿ ಸಹಿಯಾದ ನಮೂನೆ 29 ಮತ್ತು 30 ಕೈಸೇರುವವರೆಗೆ ಪೂರ್ತಿ ಹಣ ಕೊಡಬಾರದು.

ಹಳೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ರಾಶಿಯ ದಿನಗಳಲ್ಲಿ ಇದನ್ನು ಪ್ರತಿದಿನ, ಎಂಜಿನ್ ನಿಲ್ಲಿಸಿ, ಬಿಚ್ಚಿ ನೋಡಬೇಕು. ಬಟ್ಟಲಿನ ತಳಕ್ಕೆ ಬೆರಳಿಟ್ಟಾಗ ಕೆಸರು ಹತ್ತಿದರೆ ಆಯಿಲ್ ಚೆಲ್ಲದೆ ಡಬ್ಬಿಗೆ ಬಸಿದು, ಬಟ್ಟಲನ್ನು ಡೀಸೆಲ್‌ನಿಂದ ತೊಳೆದು ಒರೆಸಿ, ಹೊಸ ಎಂಜಿನ್ ಆಯಿಲನ್ನು ಗುರುತಿನವರೆಗೆ ಮಾತ್ರ ಹಾಕಬೇಕು. ಇನ್ನಷ್ಟು ಇರಲಿ ಎಂದು ಧಾರಾಳವಾಗಿ ಸುರಿಯುವವರಿದ್ದಾರೆ. ಆ ಹೆಚ್ಚಿನ ಆಯಿಲ್ ಗಾಳಿಯೊಡನೆ ಎಂಜಿನ್ನಿನೊಳಕ್ಕೇ ಹೋಗುತ್ತದೆ.

ಬಟ್ಟಲು ಎಷ್ಟೇ ಶುಚಿಯಾಗಿದ್ದರೂ ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ, ಕ್ಲಿಪ್ ಸಡಿಲವಾಗಿದ್ದರೆ ಶ್ರಮವೆಲ್ಲ ವ್ಯರ್ಥ. ಪರೀಕ್ಷಿಸುವುದು ಸುಲಭ: ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ, ಏರ್ ಕ್ಲೀನರ್‌ನ ಮೇಲಿನ ಟೋಪಿ ತೆಗೆದು ಕೊಳವೆಯ ಬಾಯಿಗೆ ಸಪಾಟಾದ ಹಲಗೆಯೊಂದನ್ನು ಒತ್ತಿ ಹಿಡಿಯಬೇಕು. ಕೆಲವೇ ಕ್ಷಣಗಳಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಓಡುತ್ತಲೇ ಇದ್ದರೆ ಶೋಧಿಸದ ಗಾಳಿ ಬೇರೆಲ್ಲೋ ಒಳನುಗ್ಗುತ್ತಿದೆಯೆಂದರ್ಥ.

ರೇಡಿಯೇಟರ್‌ ಜಾಲಿಗೆ ಮೆತ್ತಿದ ಹೊಟ್ಟನ್ನು ಎಂಜಿನ್ ತಣಿದ ಮೇಲೆ ಒಳಗಿನಿಂದ ಹೊರಮುಖವಾಗಿ ಗಾಳಿ ಹಾಯಿಸಿ ತೆಗೆಯಬೇಕು. ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಅದರೊಳಗೆ ನೀರಿನ ಹನಿಗಟ್ಟುವುದು ಕಡಿಮೆಯಾಗುತ್ತದೆ.

ಎಂಜಿನ್ ಆಯಿಲನ್ನು ಅನೇಕ ಮಾದರಿಗಳಲ್ಲಿ 250 ಗಂಟೆಗೊಮ್ಮೆ ಬದಲಿಸಲು ಸೂಚಿಸಿರುತ್ತಾರೆ. ದೂಳಿನ ಕೆಲಸವಿದ್ದರೆ ಅದಕ್ಕೂ ಮೊದಲೇ ಬದಲಿಸುವುದು ಒಳ್ಳೆಯದು. ಗಂಟೆ ತೋರಿಸುವ ಮೀಟರ್ ಕೆಟ್ಟಿದ್ದರೆ, ಹಳೆಯ ಗಾಡಿಗಳಲ್ಲಿ ಅದು ಕೆಟ್ಟೇ ಇರುತ್ತದೆನ್ನಿ, ಗೋಡೆಯ ಕ್ಯಾಲೆಂಡರಿನ ಆಯಾ ತಾರೀಕಿನ ಮನೆಯಲ್ಲೇ ಅಂದು ಎಷ್ಟು ತಾಸು ಓಡಿತೆಂದು ಬರೆದಿಡಬೇಕು.